ಬಸ್ಸು ಹೋಗುವಷ್ಟು ದೂರ

ಡ್ರೈ ಕ್ರೀಕ್, ಕನ್ಸಾಸ್
ಅಕ್ಟೋಬರ್ 12, 2022

ಪ್ರಿಯ ಗ್ವೆನ್,

ನೀನು ಗೆದ್ದೆ. ಅದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮೂರು ಪತ್ರಗಳಲ್ಲಿ ನೀನೇ ಹೇಳುತ್ತಿರುತ್ತೀಯ. ನಿನ್ನ ವಾಲಿಬಾಲ್ ತಂಡಕ್ಕೆ ಐದನೆಯ ಸೆಟ್ಟು, ಹದಿನೈದು–ಹದಿಮೂರು. ಅದೂ ಕೊನೆಯ ಹೊಡೆತವನ್ನು ನಮ್ಮೂರ ಹುಡುಗಿಯ ಕೈಯಿಂದಲೇ ಹೊಡೆಸಿದೆ! ಟೆಸ್ಸಾ ಲಿಂಡ್‌ಗ್ರೆನ್ ನನ್ನ ಜಿಮ್ಮಿನಿಂದ ಎರಡು ಬೀದಿ ಆಚೆ ಬೆಳೆದವಳು. ನರ್ಸಿಂಗ್ ಓದಬೇಕು ಅಂದಳು, ನಮ್ಮ ಕಾಲೇಜಿನಲ್ಲಿ ಅದಿಲ್ಲ, ನಿನ್ನ ವಿಶ್ವವಿದ್ಯಾಲಯದಲ್ಲಿ ಇದೆ, ಒಪ್ಪಿದೆ. ಆದರೂ ಮೊದಲ ವರ್ಷದಲ್ಲೇ ಅವಳನ್ನು ನನ್ನೆದುರು ನಿಲ್ಲಿಸಬೇಕಿತ್ತೇ?

ಪಂದ್ಯ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎರಡೂ ತಂಡದವರು ಒಂದೇ ಮೇಜಿಗೆ ಕೂತು ಚಿಲಿ ಸಾರು ಮತ್ತು ದಾಲ್ಚಿನ್ನಿ ರೋಲು ತಿಂದರಲ್ಲ, ಆಗ ಟೆಸ್ಸಾಳ ತಾಯಿ ಜೋಲೀನ್ ಬಡಿಸುತ್ತಾ ನನ್ನ ಕಿವಿಯಲ್ಲಿ, "ಕೋಚ್, ಮಗಳು ಹೊಡೆದಾಗ ಚಪ್ಪಾಳೆ ತಟ್ಟಿಬಿಟ್ಟೆ, ತಪ್ಪಾಯ್ತು" ಅಂದಳು. ನಾನು, "ಇನ್ನೊಂದು ರೋಲು ಹಾಕು, ಕ್ಷಮಿಸ್ತೀನಿ" ಅಂದೆ.

ಈಗ ಮುಖ್ಯ ವಿಷಯ. ನಿಮ್ಮ ಹಾರ್ಲನ್ ಫೋರ್ಕ್ ನಮ್ಮ ಕಾಲೇಜುಗಳ ಕ್ರೀಡಾ ಒಕ್ಕೂಟ ಬಿಟ್ಟು ಆ ಗ್ರ್ಯಾಂಡ್ ಕಾಂಟಿನೆಂಟಲ್ ಒಕ್ಕೂಟಕ್ಕೆ ಸೇರುತ್ತದೆ ಎಂದು ರೇಡಿಯೋದಲ್ಲಿ ಎರಡು ಸಲ ಹೇಳಿದರು. ನಿಜವೇ? ನೀನು ಹೋದರೆ ನಮ್ಮ ಪಂದ್ಯ ಹೋಯಿತು. ಇಪ್ಪತ್ತನಾಲ್ಕು ವರ್ಷದಿಂದ ಒಂದು ವರ್ಷವೂ ತಪ್ಪಿಲ್ಲ. ಇಮೇಲಿನಲ್ಲಿ ಉತ್ತರಿಸಬೇಡ, ಸರ್ಕಾರಿ ಕಾಲೇಜಿನ ಇಮೇಲನ್ನು ಯಾವ ಪತ್ರಿಕೆಯವರು ಬೇಕಾದರೂ ಕೇಳಿ ಪಡೆದು ಓದಬಹುದು. ಫೋನಿನಲ್ಲಂತೂ ಇಬ್ಬರೂ ಒಟ್ಟಿಗೆ ಮಾತಾಡಿ ಯಾರದೂ ಯಾರಿಗೂ ಕೇಳಿಸುವುದಿಲ್ಲ. ಎಂದಿನಂತೆ ಕೈಯಲ್ಲಿ ಬರೆ.

ನಿನ್ನ,
ಡಾರ್ಲಾ ಟ್ವೀಟನ್


ಹಾರ್ಲನ್ ಫೋರ್ಕ್, ನೆಬ್ರಾಸ್ಕಾ
ಅಕ್ಟೋಬರ್ 21, 2022

ಪ್ರಿಯ ಡಾರ್ಲಾ,

ಹದಿನೈದು–ಹದಿಮೂರು. ನೋಡು, ನಾನು ಒಂದೇ ಸಲ ಹೇಳಿದೆ.

ನಿನ್ನ ಆ ಎಡಗೈ ಹುಡುಗಿಯ ಸರ್ವ್ ನಮ್ಮವರನ್ನು ಅಳಿಸಿಬಿಟ್ಟಿತು. ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮ ನಾಲ್ವರು ಹುಡುಗಿಯರು ಅದನ್ನೇ ಕುರಿತು ವಾದ ಮಾಡಿದರು. ಇನ್ನು ನಾಲ್ವರು ಪಾಠ ಓದಿದರು, ಉಳಿದವರು ಗೊರಕೆ ಹೊಡೆದರು. ತೊಂಬತ್ತೆರಡು ಮೈಲಿಯ ದಾರಿ ಯಾವಾಗಲೂ ಹೀಗೆಯೇ ಮುಗಿಯುತ್ತದೆ. ನನ್ನ ಮೊಣಕಾಲು ಪರವಾಗಿಲ್ಲ. ಜಿಮ್ಮಿನ ಛಾವಣಿ ಮಾತ್ರ ಇನ್ನೂ ಸೋರುತ್ತಿದೆ, ಮಳೆ ಬಂದರೆ ಎರಡನೆಯ ಅಂಕಣದಲ್ಲಿ ಮೂರು ಬಕೆಟ್ ಇಡುತ್ತೇವೆ. ಜೋಲೀನಳಿಗೆ ಹೇಳು, ಮಗಳು ಚೆನ್ನಾಗಿ ಓದುತ್ತಿದ್ದಾಳೆ, ಅಂಗರಚನಾಶಾಸ್ತ್ರದಲ್ಲಿ ತರಗತಿಗೇ ಎರಡನೆಯವಳು.

ರೇಡಿಯೋದವರಿಗೆ ದಿನವಿಡೀ ಮಾತಾಡಲು ಏನಾದರೂ ಬೇಕಲ್ಲ. ಮುಂದಿನ ವರ್ಷದ ಮಾತನ್ನು ಮುಂದಿನ ವರ್ಷ ಆಡೋಣ.

ಪ್ರೀತಿಯಿಂದ,
ಗ್ವೆನ್ ಕುಚೆರಾ


ಡ್ರೈ ಕ್ರೀಕ್
ಡಿಸೆಂಬರ್ 2, 2022

ಗ್ವೆನ್,

ಇವತ್ತು ಬೆಳಿಗ್ಗೆ ಟೈರು ಬದಲಾಯಿಸಲು ಹೋಗಿದ್ದೆ. ಅಂಗಡಿಯವನು ಜ್ಯಾಕಿನ ಕೆಳಗಿಂದಲೇ ಕೇಳಿದ: "ಏನ್ ಕೋಚ್, ನಿಮ್ ಗೆಳತಿ ಹಾರಿಹೋದ್ಲಂತೆ? ವಿಮಾನದಲ್ಲಿ ಹೋಗಿ ವಾಲಿಬಾಲ್ ಆಡ್ತಾಳಂತೆ?" ನಾನು, "ನಂಗೆ ಗೊತ್ತಿಲ್ಲ" ಅಂದೆ. "ಅಯ್ಯೋ, ಊರಿಗೆಲ್ಲ ಗೊತ್ತು, ನಿಮಗೆ ಹೇಳಿಲ್ವಾ?" ಅಂದ.

ಊರಿಗೆಲ್ಲ ಗೊತ್ತು. ನನಗೆ ಹೇಳಿಲ್ಲ.

ಡಾರ್ಲಾ


ಹಾರ್ಲನ್ ಫೋರ್ಕ್
ಡಿಸೆಂಬರ್ 9, 2022

ಪ್ರಿಯ ಡಾರ್ಲಾ,

ಬೈಯಿ. ಬೈಸಿಕೊಳ್ಳುವಂಥದ್ದನ್ನೇ ಮಾಡಿದ್ದೇನೆ. ಆದರೆ ಒಂದೆರಡು ಮಾತು ಕೇಳು.

ಇದು ಫುಟ್‌ಬಾಲಿನ ವಿಚಾರ, ನಿನಗೂ ಗೊತ್ತು. ಟಿವಿಯವರು ದುಡ್ಡು ಸುರಿಯುವುದು ಫುಟ್‌ಬಾಲಿಗೆ. ನಮ್ಮನ್ನು ಯಾರೂ ಕೇಳಲಿಲ್ಲ. ಆದರೆ ಆ ದುಡ್ಡಿನಲ್ಲಿ ನನ್ನ ಹುಡುಗಿಯರಿಗೂ ಪಾಲಿದೆ. ಪೂರ್ತಿ ವಿದ್ಯಾರ್ಥಿವೇತನ ಎಂಟು ಮಂದಿಗೆ ಇದ್ದದ್ದು ಹನ್ನೆರಡು ಮಂದಿಗೆ ಆಗುತ್ತದೆ. ಜಿಮ್ಮಿಗೆ ಹೊಸ ಛಾವಣಿ. ನಮ್ಮದೇ ಒಬ್ಬ ಫಿಸಿಯೋ. ಕಳೆದ ವರ್ಷ ಒಬ್ಬ ಹುಡುಗಿ ಹೆಬ್ಬೆರಳು ಮುರಿದುಕೊಂಡಾಗ ನಾನೇ ಐಸ್‌ಕ್ರೀಮ್ ಕಡ್ಡಿ ಕಟ್ಟಿ ಆಸ್ಪತ್ರೆಗೆ ಒಯ್ದಿದ್ದೆ, ನೆನಪಿದೆಯಾ? ಇಂಥದ್ದಕ್ಕೆ ನಾನು ಬೇಡ ಅನ್ನಲೇ? ನೀನಾಗಿದ್ದರೆ ಅನ್ನುತ್ತಿದ್ದೆಯಾ?

ಹೊಸ ಒಕ್ಕೂಟದಲ್ಲಿ ಹದಿನಾರು ವಿಶ್ವವಿದ್ಯಾಲಯ, ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ. ನಮ್ಮ ಪಂದ್ಯಕ್ಕೂ ದಿನ ಹುಡುಕುತ್ತೇನೆ, ಮಾತು ಕೊಡುತ್ತೇನೆ. ಉತ್ತರ ಬರೆ.

ಗ್ವೆನ್


ಹಾರ್ಲನ್ ಫೋರ್ಕ್
ಆಗಸ್ಟ್ 27, 2023

ಪ್ರಿಯ ಡಾರ್ಲಾ,

ಎಂಟೂವರೆ ತಿಂಗಳು. ಕ್ರಿಸ್‌ಮಸ್ ಕಾರ್ಡು ಸಹ ಬರಲಿಲ್ಲ. ಇರಲಿ, ನಾನೇ ಬರೆಯುತ್ತೇನೆ.

ಛಾವಣಿ ಮುಗಿಯಿತು. ಮೊನ್ನೆ ಜೋರು ಮಳೆ ಬಂದಾಗ ಹುಡುಗಿಯರು ಅಭ್ಯಾಸ ನಿಲ್ಲಿಸಿ ಮೇಲೆ ನೋಡುತ್ತಾ ನಿಂತರು. ಒಂದು ಹನಿ ಬೀಳಲಿಲ್ಲ! ಬಟ್ಟೆ ಬದಲಿಸುವ ಕೋಣೆಯಲ್ಲಿ ಪ್ರತಿಯೊಬ್ಬಳ ಹೆಸರನ್ನೂ ಮರದಲ್ಲಿ ಕೆತ್ತಿಸಿದ್ದಾರೆ. ಸೆಪ್ಟೆಂಬರಿನಲ್ಲಿ ಒರೆಗಾನ್, ಆಮೇಲೆ ನ್ಯೂಜೆರ್ಸಿ. ನಮ್ಮಲ್ಲಿ ಐವರು ಹುಡುಗಿಯರು ಸಮುದ್ರವನ್ನೇ ನೋಡಿಲ್ಲ, ಈ ವರ್ಷ ಎರಡೆರಡು ನೋಡುತ್ತಾರೆ. ಟಿವಿಯಲ್ಲೂ ಬರುತ್ತೇವೆ. ಟೆಸ್ಸಾ ಈ ಸಲ ಮೊದಲ ಆರರಲ್ಲಿದ್ದಾಳೆ, ಜೋಲೀನಳಿಗೆ ಹೇಳು.

ನಮ್ಮ ಪಂದ್ಯಕ್ಕೆ ಈ ವರ್ಷ ದಿನ ಸಿಗಲಿಲ್ಲ. ಬರುವ ವರ್ಷ ನೋಡೋಣ.

ಗ್ವೆನ್


ಡ್ರೈ ಕ್ರೀಕ್
ಅಕ್ಟೋಬರ್ 3, 2023

ಪ್ರಿಯ ಗ್ವೆನ್,

ನಿನ್ನ ಪತ್ರ ತಲುಪಿತು. ಛಾವಣಿಯ ವಿಷಯ ಕೇಳಿ ಸಂತೋಷವಾಯಿತು. ಒರೆಗಾನ್ ಪಂದ್ಯವನ್ನು ಟಿವಿಯಲ್ಲಿ ನೋಡಿದೆ. ಹೊಸ ಸಮವಸ್ತ್ರ ಚೆನ್ನಾಗಿದೆ. ಇಲ್ಲಿ ಎಲ್ಲ ಕ್ಷೇಮ.

ಡಾರ್ಲಾ


ಹಾರ್ಲನ್ ಫೋರ್ಕ್
ನವೆಂಬರ್ 19, 2023

ಡಾರ್ಲಾ,

ನಿನ್ನ ಆ ನಾಲ್ಕು ಸಾಲಿನ ಪತ್ರಕ್ಕೆ ಆರು ವಾರ ಸಿಟ್ಟು ಮಾಡಿಕೊಂಡಿದ್ದೆ. ನನ್ನ ಭಾಗ್ಯ ನೋಡಿ ಇವಳಿಗೆ ಹೊಟ್ಟೆಕಿಚ್ಚು ಅಂದುಕೊಂಡೆ. ಯಾವ ಭಾಗ್ಯ ಎಂದು ಈಗ ಹೇಳುತ್ತೇನೆ.

ನಿನ್ನೆ ನಮ್ಮ ಆಟದ ಋತು ಮುಗಿಯಿತು. ಇಪ್ಪತ್ತೆಂಟು ಪಂದ್ಯದಲ್ಲಿ ಆರು ಗೆಲುವು. ಸತತವಾಗಿ ಹದಿನೇಳು ಸೋತೆವು. ಸೋಲು ದೊಡ್ಡದಲ್ಲ, ನೀನೇ ನನ್ನನ್ನು ಎಷ್ಟೋ ಸಲ ಸೋಲಿಸಿದ್ದೀಯ. ಹನ್ನೊಂದು ವಾರಗಳಲ್ಲಿ ನಾವು ಇಪ್ಪತ್ತಾರು ಸಲ ವಿಮಾನ ಹತ್ತಿದ್ದೇವೆ. ಹುಡುಗಿಯರಿಗೆ ತರಗತಿ ತಪ್ಪಿದ್ದು ಇಪ್ಪತ್ತೊಂಬತ್ತು ದಿನ. ಫುಟ್‌ಬಾಲಿನವರಿಗೆ ಅವರದೇ ವಿಮಾನ, ಶುಕ್ರವಾರ ಹೋಗಿ ಶನಿವಾರ ವಾಪಸು. ನಾವು ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಎರಡು ಕಡೆ ವಿಮಾನ ಬದಲಾಯಿಸಿ ಹೋಗಬೇಕು. ಸಮುದ್ರ ನೋಡಿದೆವಾ? ನ್ಯೂಜೆರ್ಸಿಯಲ್ಲಿ ಹೋಟೆಲಿನ ಕಿಟಕಿಯಿಂದ ಕಾಣಿಸಿದ್ದು ಕಾರು ನಿಲ್ಲಿಸುವ ಜಾಗ.

ನವೆಂಬರ್ ಮೊದಲ ವಾರ, ಷಿಕಾಗೋ ನಿಲ್ದಾಣ. ಮಧ್ಯಾಹ್ನ ಒಂದಕ್ಕೆ ಹೊರಡಬೇಕಿದ್ದ ವಿಮಾನ ಮೂರಕ್ಕೆ ಅಂದರು, ಆಮೇಲೆ ಐದಕ್ಕೆ ಅಂದರು. ಟೆಸ್ಸಾಳಿಗೆ ಎರಡೂವರೆಗೆ ಔಷಧಶಾಸ್ತ್ರದ ಪರೀಕ್ಷೆ, ಕಂಪ್ಯೂಟರಿನಲ್ಲೇ ಬರೆಯಲು ಅನುಮತಿ ಕೊಟ್ಟಿದ್ದರು. ಗೋಡೆಯಲ್ಲಿ ಪ್ಲಗ್ಗು ಇರುವ ಜಾಗ ಹುಡುಕಿ, ಕಸದ ಡಬ್ಬದ ಪಕ್ಕ ನೆಲದ ಮೇಲೆ ಕೂತು ಬರೆದಳು. ಅಡ್ಡಾಡುವವರು ತುಳಿಯದಿರಲಿ ಎಂದು ನಾವು ಮೂವರು ಅವಳ ಸುತ್ತ ಬ್ಯಾಗುಗಳನ್ನು ಗೋಡೆಯಂತೆ ಇಟ್ಟು ನಿಂತೆವು. ಅರ್ಧ ಪರೀಕ್ಷೆಯಲ್ಲಿ ಇಂಟರ್ನೆಟ್ ಹೋಯಿತು. ಮತ್ತೆ ಬರಲಿಲ್ಲ.

ಅವಳು ಅಳಲಿಲ್ಲ. ಕಂಪ್ಯೂಟರ್ ಮುಚ್ಚಿ, "ಕೋಚ್, ನಾನು ಬಿಡ್ತೀನಿ" ಅಂದಳು.

"ಪರೀಕ್ಷೆ ತಾನೇ? ನಾನು ಮೇಷ್ಟ್ರ ಹತ್ರ ಮಾತಾಡ್ತೀನಿ."

"ಪರೀಕ್ಷೆ ಅಲ್ಲ ಕೋಚ್, ಟೀಮು. ಆಟ ಇಷ್ಟ ಇಲ್ಲ ಅಂತಲ್ಲ, ತುಂಬಾ ಇಷ್ಟ. ಆದ್ರೆ ನಾಳೆ ಯಾರಿಗೋ ಔಷಧಿ ಕೊಡೋಳು ನಾನು. ಎಷ್ಟು ಕೊಡ್ಬೇಕು ಅನ್ನೋ ಪಾಠ ನಡೀವಾಗ ನಾನು ವಿಮಾನದಲ್ಲಿದ್ದೆ."

ನಾನು ಬಗ್ಗಿ ಅವಳ ಚಾರ್ಜರನ್ನು ಗೋಡೆಯಿಂದ ಕಿತ್ತು ಸುತ್ತಿಕೊಟ್ಟೆ.

ಇನ್ನೊಂದು ವಿಷಯ. ಕಳೆದ ವರ್ಷ ನೀನು ಚರ್ಚಿನ ಊಟದ ಮಾರನೆಯ ದಿನ ಬರೆದು ಕೇಳಿದೆಯಲ್ಲ, ಆಗಲೇ ನನಗೆ ಗೊತ್ತಿತ್ತು. ಆರು ವಾರ ಮೊದಲೇ ನಮ್ಮೆಲ್ಲ ಕೋಚುಗಳಿಂದ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದರು. ಅವತ್ತು ಚಿಲಿ ತಿನ್ನುತ್ತಾ ನಿನ್ನ ಪಕ್ಕದಲ್ಲೇ ಕೂತಿದ್ದೆ, ಗೊತ್ತಿದ್ದೇ ಕೂತಿದ್ದೆ. ಸಹಿ ನೆಪ ಮಾತ್ರ. ನಿನ್ನ ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ.

ಗ್ವೆನ್


ಡ್ರೈ ಕ್ರೀಕ್
ನವೆಂಬರ್ 30, 2023

ಪ್ರಿಯ ಗ್ವೆನ್,

ಟೆಸ್ಸಾಳ ವಿಷಯ ನನಗೆ ಗೊತ್ತಿತ್ತು. ಸೆಪ್ಟೆಂಬರಿನಲ್ಲೇ ಜೋಲೀನ್ ದಿನಸಿ ಅಂಗಡಿಯಲ್ಲಿ ನನ್ನ ತಳ್ಳುಗಾಡಿ ಹಿಡಿದು ನಿಲ್ಲಿಸಿ, "ನಮ್ಮ ಟೆಸ್ಸಾ ಕ್ಲಾಸಿಗೇ ಹೋಗ್ತಿಲ್ವಂತೆ, ನಿದ್ದೆಗೆಟ್ಟು ಮುಖ ಬಾಡಿಹೋಗಿದೆ" ಎಂದು ಕಣ್ಣು ಒರೆಸಿಕೊಂಡಳು. ಅದಾಗಿ ಎರಡು ವಾರಕ್ಕೆ ನಾನು ನಿನಗೆ 'ಹೊಸ ಸಮವಸ್ತ್ರ ಚೆನ್ನಾಗಿದೆ' ಎಂದು ಬರೆದೆ. ಬೇಕೆಂದೇ ಬರೆದೆ. ನಿನಗೆ ಹುಡುಗಿಯರಿಗಿಂತ ಛಾವಣಿಯೇ ಹೆಚ್ಚಾಯಿತು ಅಂದುಕೊಂಡಿದ್ದೆ. ಆ ಎಂಟು ತಿಂಗಳಲ್ಲಿ ನಾಲ್ಕು ಪತ್ರ ಬರೆದು ಒಂದನ್ನೂ ಅಂಚೆಗೆ ಹಾಕಲಿಲ್ಲ. ಹಾಕದ್ದೇ ಒಳ್ಳೆಯದಾಯಿತು, ಅವುಗಳ ಭಾಷೆ ಚರ್ಚಿಗೆ ಹೋಗುವವಳದಲ್ಲ.

'ಇಲ್ಲಿ ಎಲ್ಲ ಕ್ಷೇಮ' ಎಂದದ್ದೂ ಸುಳ್ಳು. ನೀವು ಹೋದ ಮೇಲೆ ಇನ್ನೂ ಮೂರು ಕಾಲೇಜುಗಳು ಹೋದವು. ನಮ್ಮ ಹಳೆಯ ಒಕ್ಕೂಟದಲ್ಲಿ ಈಗ ಐದೇ ಕಾಲೇಜು. ನಮ್ಮ ಅಧ್ಯಕ್ಷ ಡಾಕ್ಟರ್ ಪ್ರೀಬ್ ಏಳು ರಾಜ್ಯಗಳಲ್ಲಿ ಹರಡಿಕೊಂಡಿರುವ ಇನ್ನೊಂದು ಒಕ್ಕೂಟಕ್ಕೆ ಸೇರಲು ಹೊರಟಿದ್ದಾರೆ. ಅಷ್ಟು ದೂರ ಎಲ್ಲರನ್ನೂ ಕಳಿಸಲು ಆಗುವುದಿಲ್ಲ, ಹಾಗಾಗಿ ಮೂರು ಆಟ ನಿಲ್ಲಿಸಬೇಕು. ಟೆನಿಸ್, ಈಜು, ವಾಲಿಬಾಲ್. ನನ್ನನ್ನು ಕೂರಿಸಿಕೊಂಡು ಮೆತ್ತಗೆ ಹೇಳಿದರು: "ಡಾರ್ಲಾ, ನಾವು ಹಾರ್ಲನ್ ಫೋರ್ಕ್ ಥರ ಬೆಳೀಬೇಕು. ಅವರನ್ನ ನೋಡಿ, ಎಲ್ಲಿಗೆ ಹೋದ್ರು."

ಅವರು ನಿನ್ನನ್ನು ನೋಡಿ ಕಲಿಯುತ್ತಿದ್ದಾರೆ, ಗ್ವೆನ್. ನಿನ್ನ ಈ ಪತ್ರ ಓದುವವರೆಗೂ ನೀನು ಅಲ್ಲಿ ಸುಖವಾಗಿದ್ದೀಯ ಎಂದೇ ನಾನೂ ತಿಳಿದಿದ್ದೆ.

ನನ್ನಲ್ಲಿ ಇನ್ನೊಂದು ಯೋಚನೆ ಇದೆ. ಸುತ್ತಲಿನ ಸಣ್ಣ ಕಾಲೇಜುಗಳು, ಚರ್ಚಿನವು, ಸರ್ಕಾರದವು, ಎಲ್ಲ ಸೇರಿ ಎಂಟಾಗುತ್ತವೆ. ಯಾವುದೂ ಬಸ್ಸಿನಲ್ಲಿ ನಾಲ್ಕು ಗಂಟೆಗಿಂತ ದೂರವಿಲ್ಲ. ನಮ್ಮದೇ ಹೊಸ ಒಕ್ಕೂಟ ಕಟ್ಟಬಹುದು. ಏಳು ಕೋಚುಗಳ ಜೊತೆ ಮಾತಾಡಿದ್ದೇನೆ, ಎಲ್ಲರೂ ಸೈ ಅಂದಿದ್ದಾರೆ. ಜನವರಿ 19ಕ್ಕೆ ಆಡಳಿತ ಮಂಡಳಿಯ ಸಭೆ. ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ.

ನಿನ್ನ ಪತ್ರವನ್ನು ಅಲ್ಲಿ ಓದಲೇ? ಬರೆದವರು ಯಾರೆಂದು ತಿಳಿಯದಿದ್ದರೆ ಅದಕ್ಕೆ ಬೆಲೆಯಿಲ್ಲ, ಹೆಸರು ಹೇಳಬೇಕಾಗುತ್ತದೆ. ಆಗದು ಅಂದರೆ ನನಗೆ ಬೇಸರವಿಲ್ಲ.

ಡಾರ್ಲಾ


ಹಾರ್ಲನ್ ಫೋರ್ಕ್
ಡಿಸೆಂಬರ್ 6, 2023

ಪ್ರಿಯ ಡಾರ್ಲಾ,

ಓದಬೇಡ. ದಯವಿಟ್ಟು. ನನ್ನ ಗುತ್ತಿಗೆ ಜೂನಿಗೆ ಮುಗಿಯುತ್ತದೆ, ಆರು ಗೆಲುವಿನ ಕೋಚು ನಾನು. ನನಗೆ ಐವತ್ತೆಂಟು. ಬೇರೆ ಏನು ಗೊತ್ತು ನನಗೆ? ನಿನಗೆ ನಾನು ಎರಡನೆಯ ಸಲ ಕೈಕೊಡುತ್ತಿದ್ದೇನೆ ಎಂದು ತಿಳಿದೇ ಬರೆಯುತ್ತಿದ್ದೇನೆ.

ಗ್ವೆನ್


ಹಾರ್ಲನ್ ಫೋರ್ಕ್
ಡಿಸೆಂಬರ್ 28, 2023

ಪ್ರಿಯ ಡಾರ್ಲಾ,

ನೀನು ಉತ್ತರ ಬರೆಯಲಿಲ್ಲ. ಸಿಟ್ಟೋ ಏನೋ ಎಂದು ತಿಳಿದುಕೊಳ್ಳುವ ಮೊದಲು ಇದನ್ನು ಬರೆಯಬೇಕು.

ಟೆಸ್ಸಾ ರಜೆಗೆ ಊರಿಗೆ ಹೊರಡುವ ಮುಂಚೆ ನನ್ನ ಕೋಣೆಗೆ ಬಂದಿದ್ದಳು. ಮೊಣಕಾಲಿನ ಪ್ಯಾಡು, ಬ್ಯಾಗು, ಸಮವಸ್ತ್ರ ಎಲ್ಲವನ್ನೂ ಒಗೆದು ಮಡಿಸಿ ತಂದಿದ್ದಳು. ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆದು ಪಾಸಾಗಿದ್ದಾಳೆ. "ಕೋಚ್, ನಿಮ್ಮ ಮೇಲೆ ಕೋಪ ಇಲ್ಲ. ನೀವೇನು ಮಾಡೋಕಾಗತ್ತೆ?" ಅಂದಳು.

ಸಮಾಧಾನ ಮಾಡಲೆಂದೇ ಅಂದದ್ದು. ಮಗು ಒಳ್ಳೆಯದು. ಆದರೆ ನಾನು ಏನು ಮಾಡಬಹುದು ಎಂದು ನನಗೆ ಗೊತ್ತಿತ್ತು, ನೀನು ಮೂರು ವಾರ ಹಿಂದೆಯೇ ಕೇಳಿದ್ದೆ. ಹತ್ತೊಂಬತ್ತು ವರ್ಷದ ಹುಡುಗಿ ತನಗೆ ಬೇಕಾದ್ದನ್ನು ಬಿಟ್ಟು ಸರಿಯಾದದ್ದನ್ನು ಆರಿಸಿಕೊಂಡಳು. ನಾನು ಮೇಜಿನ ಹಿಂದೆ ಕೂತು ತಲೆಯಾಡಿಸಿದೆ.

ಓದು. ಹೆಸರು ಹೇಳು. ಟೆಸ್ಸಾಳನ್ನು ಕೇಳಿದ್ದೇನೆ, ಅವಳ ಹೆಸರನ್ನೂ ಹೇಳಬಹುದಂತೆ. ಹಿಂದಿನ ಪತ್ರಗಳಲ್ಲಿ ಬರೆದ ಛಾವಣಿ ಮತ್ತು ವಿದ್ಯಾರ್ಥಿವೇತನದ ವಿಷಯವನ್ನೂ ಬಿಟ್ಟುಬಿಡಬೇಡ, ಅದೂ ನಿಜವೇ.

ಗ್ವೆನ್


ಡ್ರೈ ಕ್ರೀಕ್
ಜನವರಿ 20, 2024

ಪ್ರಿಯ ಗ್ವೆನ್,

ಸಿಟ್ಟಿರಲಿಲ್ಲ. ಏನು ಬರೆದರೂ ಒತ್ತಾಯ ಮಾಡಿದಂತಾಗುತ್ತದೆ ಎಂದು ಸುಮ್ಮನಿದ್ದೆ. ನಿನ್ನೆಯದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಒಂಬತ್ತು ಸದಸ್ಯರು. ಡಾಕ್ಟರ್ ಪ್ರೀಬ್ ಪರದೆಯ ಮೇಲೆ ನಕ್ಷೆ ತೋರಿಸಿದರು, ಏಳು ರಾಜ್ಯ, ಏಳು ಬಣ್ಣ. ಚೆನ್ನಾಗಿಯೇ ಮಾತಾಡಿದರು. ಆಮೇಲೆ ನಾನು ಎದ್ದು ಎಂಟು ಕಾಲೇಜುಗಳ ಪಟ್ಟಿ ಕೊಟ್ಟೆ. ಹಳೆಯ ವಿದ್ಯಾರ್ಥಿ ಸಂಘದ ಒಬ್ಬ ಹಿರಿಯರು ಮೂಗು ಮುರಿದರು: "ಇಷ್ಟು ವರ್ಷ ಯಾರ್ಯಾರ ಜೊತೆ ಆಡಿದ್ವಿ! ಈಗ ಮುನ್ನೂರು ಹುಡುಗರಿರೋ ಕಾಲೇಜಿನ ಜೊತೆ ಆಡ್ಬೇಕಾ? ನಮ್ಮ ಮರ್ಯಾದೆ ಏನಾಗ್ಬೇಕು?"

ಅದಕ್ಕೆ ಉತ್ತರ ಕೊಡಲಿಲ್ಲ. ನಿನ್ನ ಪತ್ರಗಳನ್ನು ತೆಗೆದು ಓದಿದೆ. ಮೊದಲು ಛಾವಣಿ ಓದಿದೆ, ವಿದ್ಯಾರ್ಥಿವೇತನ ಓದಿದೆ. ಆಮೇಲೆ ಇಪ್ಪತ್ತಾರು ವಿಮಾನ. ಆಮೇಲೆ ಷಿಕಾಗೋ. ಬ್ಯಾಗುಗಳನ್ನು ಗೋಡೆಯಂತೆ ಇಟ್ಟದ್ದನ್ನು ಓದುವಾಗ ಹಾಳೆಯನ್ನು ಮೇಜಿನ ಮೇಲಿಟ್ಟೆ. ನೀರು ಕುಡಿದು ಮುಂದುವರಿಸಿದೆ.

ಹ್ಯಾಂಕ್ ಡೋಬೆಶ್ ಗೊತ್ತಲ್ಲ, ಗೋಧಿ ಕಣಜದ ಮಾಲೀಕ, ಸಭೆಯಲ್ಲಿ ವರ್ಷಕ್ಕೆ ಒಂದು ಮಾತೂ ಆಡದವನು. ಅವನು ಕೇಳಿದ: "ಇದನ್ನ ಬರೆದೋಳು ಈಗ್ಲೂ ಅಲ್ಲೇ ಕೆಲ್ಸ ಮಾಡ್ತಿದಾಳಾ?"

"ಹೌದು. ಗ್ವೆನ್ ಕುಚೆರಾ."

"ಹೆಸರು ಹೇಳಿದ್ರೆ ಅವಳ ಕೆಲ್ಸಕ್ಕೆ ತೊಂದ್ರೆ ಆಗಲ್ವಾ?"

"ಆಗಬಹುದು. ಹೇಳು ಅಂತ ಅವಳೇ ಬರೆದಿದಾಳೆ."

ಹ್ಯಾಂಕ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ನಮ್ಮೂರ ಲಿಂಡ್‌ಗ್ರೆನ್ ಹುಡುಗಿ ಕಸದ ಡಬ್ಬದ ಪಕ್ಕ ಕೂತು ಪರೀಕ್ಷೆ ಬರೀತಾಳೆ ಅಂದ್ರೆ ಮರ್ಯಾದೆ ಇನ್ನೇನು ಉಳೀತು? ನನ್ನ ಓಟು ಬಸ್ಸಿಗೆ" ಅಂದ.

ಐದು–ನಾಲ್ಕು. ಗೆದ್ದೆವು, ಗ್ವೆನ್. ಎರಡು ವರ್ಷಕ್ಕೆ ಮಾತ್ರ ಒಪ್ಪಿಗೆ, ಆಮೇಲೆ ಮತ್ತೆ ನೋಡುತ್ತಾರೆ. ಮೂರೂ ಆಟ ಉಳಿದವು. ಹೊರಗೆ ಬಂದ ಮೇಲೆ ಡಾಕ್ಟರ್ ಪ್ರೀಬ್ ನನ್ನ ಕೈ ಕುಲುಕಿ, "ಆ ಪತ್ರದ ಒಂದು ಪ್ರತಿ ಕೊಡ್ತೀರಾ?" ಎಂದು ಕೇಳಿದರು. ಸೋತವರು ಹಾಗೆ ಕೇಳುವುದು ದೊಡ್ಡತನ.

ಕೆಟ್ಟ ಸುದ್ದಿ ಎಂದರೆ, ಸಭೆಯಲ್ಲಿ ಪತ್ರಿಕೆಯ ಹುಡುಗಿಯೊಬ್ಬಳು ಕೂತಿದ್ದಳು. ಮುಂದಿನ ಭಾನುವಾರದ ಪತ್ರಿಕೆಯಲ್ಲಿ ಬರುತ್ತದೆ. ಸಿದ್ಧವಾಗಿರು.

ಡಾರ್ಲಾ


ಹಾರ್ಲನ್ ಫೋರ್ಕ್
ಫೆಬ್ರವರಿ 4, 2024

ಪ್ರಿಯ ಡಾರ್ಲಾ,

ಬಂತು, ಮುಖಪುಟದಲ್ಲೇ. ಸೋಮವಾರ ಬೆಳಿಗ್ಗೆ ನಮ್ಮ ಕ್ರೀಡಾ ನಿರ್ದೇಶಕ ಬ್ರೆಂಟ್ ಸೊರೆನ್ಸನ್ ಕರೆಸಿಕೊಂಡರು. ಮೇಜಿನ ಮೇಲೆ ಪತ್ರಿಕೆ ಬಿಡಿಸಿಟ್ಟಿತ್ತು. ನಾನು ನನ್ನ ಸಾಮಾನುಗಳನ್ನು ಹಾಕಲು ಎರಡು ರಟ್ಟಿನ ಪೆಟ್ಟಿಗೆಯನ್ನು ಕಾರಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ.

"ಟಿವಿ ದುಡ್ಡಿಲ್ದಿದ್ರೆ ನಿಮ್ಮ ಛಾವಣಿ ಎಲ್ಲಿಂದ ಬರ್ತಿತ್ತು ಗ್ವೆನ್?"

"ಎಲ್ಲಿಂದಲೂ ಬರ್ತಿರ್ಲಿಲ್ಲ. ಅದನ್ನೂ ಬರ್ದಿದೀನಿ, ಮೂರನೇ ಸಾಲು ನೋಡಿ."

"ಪತ್ರಿಕೆಗಿಂತ ಮೊದ್ಲು ನನಗೆ ಹೇಳ್ಬೇಕಿತ್ತು."

"ಇಮೇಲಿನಲ್ಲಿ ಮೂರು ಸಲ ಹೇಳಿದೀನಿ. ನಿಮ್ಮ ಆಫೀಸಿಂದ ಮೂರು ಸಲಾನೂ 'ಗಮನಿಸಲಾಗಿದೆ' ಅಂತ ಉತ್ತರ ಬಂತು."

ಅವರು ಕಂಪ್ಯೂಟರಿನಲ್ಲಿ ಹುಡುಕಿದರು. ಸಿಕ್ಕಿತು. ಮೂರನ್ನೂ ನನ್ನೆದುರೇ ಓದಿದರು. ಓದುತ್ತಾ ಓದುತ್ತಾ ಮುಖ ಬದಲಾಯಿತು. "ಇಪ್ಪತ್ತೊಂಬತ್ತು ದಿನ... ಇದು ನಿಜಾನಾ?" ಎಂದು ಕೇಳಿದರು. ಅವರ ಮಗಳು ಈ ವರ್ಷ ಬೇರೆ ಊರಿನಲ್ಲಿ ಕಾಲೇಜಿಗೆ ಸೇರಿದ್ದಾಳಂತೆ, ಸಾಕರ್ ಆಡುತ್ತಾಳಂತೆ.

ಕೆಲಸದಿಂದ ತೆಗೆಯಲಿಲ್ಲ. ಒಂದು ವರ್ಷಕ್ಕೆ ಮಾತ್ರ ಗುತ್ತಿಗೆ, ಬಯ್ಗುಳ ಬೇರೆ. ಆದರೆ ಎರಡು ಮಾತು ಒಪ್ಪಿಕೊಂಡರು. ಋತುವಿನ ಮೊದಲ ಎರಡು ವಾರ ಹತ್ತಿರದವರ ಜೊತೆ ಆಡಬಹುದು. ಇನ್ನೊಂದು, ಡಿಸೆಂಬರಿನಲ್ಲಿ ಹದಿನಾರು ವಿಶ್ವವಿದ್ಯಾಲಯದವರೂ ಸೇರುವ ಸಭೆಗೆ ನಾನೇ ಹೋಗಿ ಮಾತಾಡಬೇಕು. "ನನಗೆ ದೂರು ಬೇಡ, ದಾರಿ ತೋರ್ಸಿ" ಅಂದರು.

ಸೆಪ್ಟೆಂಬರ್ 3, ಮಂಗಳವಾರ, ನಿನ್ನ ಜಿಮ್ಮು. ಬರಲೇ? ಪೆಟ್ಟಿಗೆಗಳು ಖಾಲಿಯಾಗಿಯೇ ಮನೆಗೆ ಬಂದವು.

ಗ್ವೆನ್


ಡ್ರೈ ಕ್ರೀಕ್
ಸೆಪ್ಟೆಂಬರ್ 5, 2024

ಪ್ರಿಯ ಗ್ವೆನ್,

ಮೂರು–ಎರಡು! ಮೂರು–ಎರಡು! ಈ ಸಲ ಗೆದ್ದವಳು ನಾನು, ಇನ್ನೂ ಎರಡು ಸಲ ಬರೆಯಬೇಕೆಂದಿದೆ, ಕಾಗದ ಉಳಿಸುತ್ತೇನೆ.

ಸಾವಿರದ ನೂರು ಮಂದಿ ಹಿಡಿಸುವ ಜಿಮ್ಮಿನಲ್ಲಿ ಸಾವಿರದ ನಾನೂರು ಮಂದಿ ಇದ್ದರು. ಅಗ್ನಿಶಾಮಕ ದಳದವನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದ, ನಿನ್ನ ಹುಡುಗಿಯರು ನಾಲ್ಕನೆಯ ಸೆಟ್ಟು ಗೆದ್ದಾಗ ಎಣಿಸುವುದನ್ನು ಬಿಟ್ಟು ಒಳಗೆ ಬಂದ. ಮರ್ಯಾದೆಯ ಮಾತಾಡಿದ ಆ ಹಿರಿಯರು ಕೂರಲು ಜಾಗ ಸಿಗದೆ ಮೆಟ್ಟಿಲ ಮೇಲೆ ಕೂತಿದ್ದರು, ನಮ್ಮ ಒಕ್ಕೂಟದ ಮುನ್ನೂರು ಹುಡುಗರ ಕಾಲೇಜಿನ ಕೋಚನ್ನು ಪಕ್ಕದಲ್ಲಿ ಕೂರಿಸಿಕೊಂಡು. ಪಂದ್ಯ ನೋಡಲೆಂದೇ ಅವನು ಎಪ್ಪತ್ತು ಮೈಲಿ ಕಾರು ಓಡಿಸಿಕೊಂಡು ಬಂದಿದ್ದ.

ಟೆಸ್ಸಾಳನ್ನು ನೋಡಿದೆ. ಜೋಲೀನಳ ಜೊತೆ ಎರಡನೆಯ ಸಾಲಿನಲ್ಲಿದ್ದಳು. ನಿನ್ನ ಹುಡುಗಿಯರು ಸ್ಮ್ಯಾಶ್ ಮಾಡುವಾಗೆಲ್ಲ ಅವಳ ಬಲಭುಜ ತಾನಾಗಿ ಮೇಲೇಳುತ್ತಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ನಿನಗೆ ಆಗಲೇ ಹೇಳಬೇಕೆಂದಿದ್ದೆ, ನಿನ್ನ ಕಣ್ಣು ಆಗಲೇ ಒದ್ದೆಯಾಗಿತ್ತು, ಸುಮ್ಮನಾದೆ.

ಡಿಸೆಂಬರಿನ ಸಭೆಗೆ ತಯಾರಿ ಮಾಡು. ಜೋಕು ಕಡಿಮೆ ಹೇಳು. ಗಡಿಬಿಡಿ ಮಾಡದೆ ನಿಧಾನವಾಗಿ ಓದು. ನೀರಿನ ಲೋಟ ಹತ್ತಿರ ಇಟ್ಟುಕೊ.

ಡಾರ್ಲಾ


ಷಿಕಾಗೋ
ಡಿಸೆಂಬರ್ 12, 2024

ಪ್ರಿಯ ಡಾರ್ಲಾ,

ಹೋಟೆಲಿನ ಕಾಗದದ ಮೇಲೆ ಬರೆಯುತ್ತಿದ್ದೇನೆ, ಸಭೆ ಮುಗಿದು ಅರ್ಧ ಗಂಟೆಯೂ ಆಗಿಲ್ಲ. ಅವಸರದ ಅಕ್ಷರ, ಕ್ಷಮಿಸು.

ನನ್ನ ಮಾತು ಸರಳವಾಗಿತ್ತು. ಫುಟ್‌ಬಾಲ್ ದೇಶವೆಲ್ಲ ಸುತ್ತಲಿ, ಅದಕ್ಕೆ ನಾವು ಅಡ್ಡ ಬರುವುದಿಲ್ಲ. ಆದರೆ ವಾಲಿಬಾಲ್, ಟೆನಿಸ್, ಸಾಕರಿನವರನ್ನು ಪೂರ್ವ, ಮಧ್ಯ, ಪಶ್ಚಿಮ ಎಂದು ಮೂರು ಗುಂಪು ಮಾಡಿ, ಗುಂಪಿನೊಳಗೇ ಆಡಿಸೋಣ. ಕೊನೆಯಲ್ಲಿ ಒಂದು ಸಲ ಎಲ್ಲರೂ ಸೇರಿದರೆ ಸಾಕು. ಒಂದೇ ಜೋಕು ಹೇಳಿದೆ, ಯಾರೂ ನಗಲಿಲ್ಲ, ನೀನು ಹೇಳಿದ್ದು ಸರಿ. ನ್ಯೂಜೆರ್ಸಿಯ ಕೋಚ್, ಯಾವಾಗಲೂ ನನ್ನ ಜೊತೆ ಬಿಗಿಮುಖದಲ್ಲೇ ಇದ್ದವಳು, ಎದ್ದು ನಿಂತು, "ನಮ್ಮಲ್ಲೂ ಇಬ್ರು ಬಿಟ್ಟುಹೋದ್ರು. ನಾನು ಯಾರಿಗೂ ಹೇಳಿರ್ಲಿಲ್ಲ" ಅಂದಳು. ಆಮೇಲೆ ಒರೆಗಾನಿನವರು ಎದ್ದರು. ಆಮೇಲೆ ಇನ್ನೊಬ್ಬರು. ಎಲ್ಲರ ಹತ್ತಿರವೂ ಒಂದೊಂದು ಹೆಸರಿತ್ತು, ಡಾರ್ಲಾ.

ಟಿವಿಯವರ ಕಡೆಯಿಂದ ಬಂದ ಮನುಷ್ಯ ಆಕ್ಷೇಪ ಎತ್ತುತ್ತಾನೆ ಅಂದುಕೊಂಡಿದ್ದೆ. ಅವನು ಹತ್ತಿರದ ಊರುಗಳ ಜಗಳಕ್ಕೇ ನೋಡುವವರು ಹೆಚ್ಚು ಎಂದುಬಿಟ್ಟ. ನಮ್ಮ ಬ್ರೆಂಟ್ ಮೊದಲು ಕೈ ಎತ್ತಿದರು. ಹದಿನಾರರಲ್ಲಿ ಹನ್ನೊಂದು. ಬರುವ ಋತುವಿನಿಂದಲೇ. ನಮಗೆ ವಿಮಾನ ಎರಡೇ ಸಲ, ಉಳಿದದ್ದೆಲ್ಲ ರಸ್ತೆಯಲ್ಲಿ.

ಹೊರಗೆ ಬಂದವಳೇ ಟೆಸ್ಸಾಳಿಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆಯ ತರಬೇತಿಯಲ್ಲಿದ್ದಳು, ಪಿಸುಮಾತಿನಲ್ಲಿ, "ಏನಾಯ್ತು ಕೋಚ್?" ಅಂದಳು. ಹೇಳಿದೆ. ಎರಡು ವಿಮಾನ, ತಪ್ಪುವ ತರಗತಿ ಹೆಚ್ಚೆಂದರೆ ಐದಾರು ದಿನ ಎಂದೆ. ಆ ಕಡೆ ಯಾರೋ ತಳ್ಳುಗಾಡಿ ಎಳೆದುಕೊಂಡು ಹೋದ ಸದ್ದು ಕೇಳಿಸಿತು.

ಆಮೇಲೆ ಕೇಳಿದಳು: "ಕೋಚ್, ನನಗೆ ಆಡೋಕೆ ಇನ್ನೂ ಒಂದು ವರ್ಷ ಇದೆ ಅಲ್ವಾ? ನಾನು ನಾಳೆಯಿಂದ ಓಡೋಕೆ ಶುರು ಮಾಡ್ಲಾ?"

ಗ್ವೆನ್